ಮಲೆನಾಡಿನ ಮನೆಗೆ ಕಿಟಕಿ: ಸ್ಲೈಡಿಂಗೋ, ಕೀಲಿನದೋ, ಮೇಲೆತ್ತುವುದೋ?

ಮನೆ ಕೆಲಸ ಲಿಂಟಲ್ ಮಟ್ಟಕ್ಕೆ ಬಂದವರು ಕೇಳುವುದು ಒಂದೇ: "ಕಿಟಕಿ ಸ್ಲೈಡಿಂಗ್ ಮಾಡಿಸಲೋ, ಬಾಗಿಲಿನ ಹಾಗೆ ತೆರೆಯೋದು ಮಾಡಿಸಲೋ?" ಒಂದು ಮಳೆಗಾಲ ಕಳೆದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಅದೇ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: "ಸ್ಲೈಡಿಂಗ್ ಹಾಕ್ಸಿದ್ವಿ, ಹಳಿ ತುಂಬಿ ನೀರು ಒಳಗೆ ಬರ್ತಿದೆ, ಏನು ಮಾಡೋದು?" ಎರಡನೆಯದನ್ನು ಕೇಳುವ ಹೊತ್ತಿಗೆ ದುಡ್ಡು ಖರ್ಚಾಗಿರುತ್ತದೆ. ಆದ್ದರಿಂದ ಕಿಟಕಿಗೆ ಮುಂಗಡ ಕೊಡುವ ಮೊದಲೇ ಇದನ್ನು ಓದಿ.

ಇಡೀ ಮನೆಗೆ ಒಂದೇ ಬಗೆ ಆರಿಸುವುದು ಇಲ್ಲಿ ನಡೆಯುವ ದೊಡ್ಡ ತಪ್ಪು. ಪಡುವಣ ಗೋಡೆಯ ಕಷ್ಟವೇ ಬೇರೆ, ಮೂಡಣ ಗೋಡೆಯದೇ ಬೇರೆ. ಗೋಡೆ ನೋಡಿ ಕಿಟಕಿ ಆರಿಸಬೇಕು. ಜೊತೆಗೆ, ಮಲೆನಾಡಿನಲ್ಲಿ ಕಿಟಕಿ ಚೆನ್ನಾಗಿ ಮುಚ್ಚಿದರೆ ಸಾಲದು, ಮಳೆ ಸುರಿಯುತ್ತಿರುವಾಗಲೂ ಬೆರಳಗಲವಾದರೂ ತೆರೆದಿಡಲು ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ತಿ ಮುಚ್ಚಿಟ್ಟ ಕೋಣೆಯಲ್ಲಿ ಬಟ್ಟೆ, ಪುಸ್ತಕ, ಕಪಾಟಿನ ಹಿಂಬದಿ ಎಲ್ಲಕ್ಕೂ ಬೂಸ್ಟು ಹಿಡಿಯುತ್ತದೆ.

ಮೊದಲು ಹೆಸರುಗಳು

ಕೇಸ್‌ಮೆಂಟ್: ಪಕ್ಕದಲ್ಲಿ ಕೀಲು (ಅಂಗಡಿಯವರ ಮಾತಲ್ಲಿ ಹಿಂಜಸ್) ಇದ್ದು ಬಾಗಿಲಿನಂತೆ ತೆರೆಯುವ ಕಿಟಕಿ. ಒಳಕ್ಕೆ ತೆರೆಯುವಂತೆಯೂ ಹೊರಕ್ಕೆ ತೆರೆಯುವಂತೆಯೂ ಮಾಡಿಸಬಹುದು.

ಟಾಪ್ ಹಂಗ್: ಕೀಲು ಮೇಲಂಚಿನಲ್ಲಿರುತ್ತದೆ, ಕೆಳಗಿನ ಅಂಚನ್ನು ಹೊರಕ್ಕೆ ತಳ್ಳುತ್ತೀರಿ. ತೆರೆದಾಗ ಕದವೇ ಪುಟ್ಟ ಸೂರಿನಂತೆ ನಿಲ್ಲುತ್ತದೆ.

ಸ್ಲೈಡಿಂಗ್: ಹಳಿಯ (ಟ್ರ್ಯಾಕ್) ಮೇಲೆ ಪಕ್ಕಕ್ಕೆ ಸರಿಯುವುದು. ಎರಡು ಹಳಿಯದು ಗಾಜಿಗೆ ಮಾತ್ರ, ಮೂರು ಹಳಿಯದಾದರೆ ಸೊಳ್ಳೆ ಜಾಲರಿಗೂ ಜಾಗ.

ಟಿಲ್ಟ್ ಅಂಡ್ ಟರ್ನ್: ಹಿಡಿ ಒಂದು ಕಡೆ ತಿರುಗಿಸಿದರೆ ಮೇಲಂಚು ಒಳಕ್ಕೆ ವಾಲುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಪೂರ್ತಿ ಒಳಕ್ಕೆ ತೆರೆಯುತ್ತದೆ.

ಲೂವರ್: ಅಡ್ಡಡ್ಡ ಗಾಜಿನ ಪಟ್ಟಿಗಳದ್ದು. ಫಿಕ್ಸ್ಡ್: ತೆರೆಯಲು ಬಾರದ್ದು, ಬೆಳಕಿಗೆ ಮಾತ್ರ.

ಹಂತ 1: ನಕ್ಷೆಯ ಮೇಲೆ ಮಳೆ ಬರೆಯಿರಿ

ಮನೆಯ ನಕ್ಷೆ ತೆಗೆದು ಮೊದಲು ದಿಕ್ಕು ಗುರುತಿಸಿ. ಮುಂಗಾರಿನ ಗಾಳಿ ನಮಗೆ ಪಶ್ಚಿಮ ಮತ್ತು ನೈಋತ್ಯದಿಂದ ಬರುತ್ತದೆ. ಎರಚಲು (ಗಾಳಿಗೆ ಓರೆಯಾಗಿ ಬಂದು ಬಡಿಯುವ ಮಳೆ) ಬೀಳುವ ಪಶ್ಚಿಮ, ದಕ್ಷಿಣ ಗೋಡೆಗಳಿಗೆ ಕೆಂಪು ಗೆರೆ ಹಾಕಿ. ಆ ಗೋಡೆಯ ಹೊರಗೆ ಪಕ್ಕದ ಮನೆ, ಗುಡ್ಡದ ಬರೆ ಅಥವಾ ದಟ್ಟ ಮರಗಳ ಸಾಲಿದ್ದರೆ ಗೆರೆಯನ್ನು ತಿಳಿ ಮಾಡಿ. ಗದ್ದೆ ಬಯಲಿಗೆ ಮುಖ ಮಾಡಿದ್ದರೆ ದಪ್ಪ ಮಾಡಿ.

ಎಲ್ಲಿ ಮನೆ ಎನ್ನುವುದೂ ಮುಖ್ಯ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿಂದ ಸುಮಾರು 90 ಕಿ.ಮೀ. ದೂರದ ಶಿವಮೊಗ್ಗ ಪೇಟೆಯಲ್ಲಿ ಅದರ ಸಣ್ಣದೊಂದು ಪಾಲು ಮಾತ್ರ ಬೀಳುತ್ತದೆ, ಆದರೆ ಮಾರ್ಚ್‌ನಿಂದ ಮೇವರೆಗೆ ಸೆಕೆ ಜೋರು. ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆಯವರಿಗೆ ಗಾಳಿ ಮೊದಲು, ನೀರು ತಡೆಯುವುದು ಆಮೇಲೆ. ಘಟ್ಟದ ಅಂಚಿನವರಿಗೆ ನೀರಿನದೇ ಮೊದಲ ಚಿಂತೆ.

ಈಗ ಸಜ್ಜಾದ (ಕಿಟಕಿಯ ಮೇಲೆ ಗೋಡೆಯಿಂದ ಹೊರಕ್ಕೆ ಚಾಚಿದ ಹಾಸು) ಲೆಕ್ಕ. ಮಳೆ 45 ಡಿಗ್ರಿ ಓರೆಯಲ್ಲಿ ಬಿದ್ದರೆ 2 ಅಡಿ ಚಾಚಿದ ಸಜ್ಜಾ ತನ್ನ ಕೆಳಗಿನ 2 ಅಡಿ ಗೋಡೆಯನ್ನು ಮಾತ್ರ ಕಾಯುತ್ತದೆ. ನಿಮ್ಮ ಕಿಟಕಿ 4 ಅಡಿ ಎತ್ತರವಿದ್ದರೆ ಕೆಳಗಿನ ಅರ್ಧ ನೆನೆಯುತ್ತದೆ. ಹಳೆಯ ಮನೆಗಳಲ್ಲಿ ಮಾಡು ಅಷ್ಟು ಕೆಳಗಿಳಿದಿದ್ದು, ಕಿಟಕಿ ಅಷ್ಟು ಚಿಕ್ಕದಾಗಿದ್ದು ಈ ಲೆಕ್ಕಕ್ಕೇ. ಒಂದೂವರೆ ಅಡಿ ಸಜ್ಜಾ ಹಾಕಿ 5 ಅಡಿ ಎತ್ತರದ ಗಾಜು ಬೇಕೆನ್ನುವವರು ಕೆಳಗಿನ ಭಾಗವನ್ನು ಫಿಕ್ಸ್ಡ್ ಮಾಡಿಸಿ, ತೆರೆಯುವ ಭಾಗವನ್ನು ಸಜ್ಜಾದ ನೆರಳಿನೊಳಗೆ ಇಟ್ಟುಕೊಳ್ಳಬೇಕು. ಸಜ್ಜಾದ ಅಡಿಯಲ್ಲಿ, ಮುಂದಿನ ಅಂಚಿಗೆ ಹತ್ತಿರವಾಗಿ, ಉದ್ದಕ್ಕೂ ಒಂದು ಗೆರೆ ಕೊರೆಸಲು ಮರೆಯಬೇಡಿ. ಅದಿಲ್ಲದಿದ್ದರೆ ನೀರು ಅಡಿಗೇ ಅಂಟಿಕೊಂಡು ಹರಿದು ಕಿಟಕಿಯ ತಲೆಗೆ ಇಳಿಯುತ್ತದೆ.

ಹಂತ 2: ಎಷ್ಟು ತೆರವು ಬೇಕು, ಎಷ್ಟು ಸಿಗುತ್ತದೆ

ಬಿಸಿ ಮತ್ತು ತೇವ ಎರಡೂ ಇರುವ ಹವೆಗೆ ಕೋಣೆಯ ನೆಲದ ಆರನೇ ಒಂದು ಭಾಗದಷ್ಟು ಕಿಟಕಿ ತೆರವಿರಬೇಕು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. 10×12 ಅಡಿ ಕೋಣೆಗೆ 120 ಚದರ ಅಡಿ, ಅದರ ಆರನೇ ಒಂದು ಅಂದರೆ 20 ಚದರ ಅಡಿ. 5 ಅಡಿ ಅಗಲ, 4 ಅಡಿ ಎತ್ತರದ ಒಂದು ಕಿಟಕಿ ಲೆಕ್ಕಕ್ಕೆ ಸರಿಹೋಯಿತು.

ಕಾಗದದ ಲೆಕ್ಕ ಸರಿಹೋದರೂ ಒಳಬರುವ ಗಾಳಿ ಬೇರೆ. ಎರಡು ಕದದ ಸ್ಲೈಡಿಂಗ್ ಕಿಟಕಿ ಎಷ್ಟೇ ಸರಿಸಿದರೂ ಅರ್ಧವೇ ತೆರೆಯುತ್ತದೆ: ನಿಮ್ಮ 20 ಚದರ ಅಡಿಯಲ್ಲಿ 10. ಮೂರು ಹಳಿಯಲ್ಲಿ ಮೂರೂ ಗಾಜಿನ ಕದ ಹಾಕಿಸಿದರೆ ಮೂರನೇ ಎರಡು ಭಾಗ ಸಿಗುತ್ತದೆ, ಆಗ ಜಾಲರಿಗೆ ಹಳಿ ಉಳಿಯುವುದಿಲ್ಲ. ಕೇಸ್‌ಮೆಂಟ್‌ನಲ್ಲಿ ಚೌಕಟ್ಟು ಬಿಟ್ಟು ಉಳಿದದ್ದೆಲ್ಲ ತೆರವು. ಟಾಪ್ ಹಂಗ್ ಪೂರ್ತಿ ಎತ್ತಿದರೂ ಗಾಳಿ ಬರುವುದು ಕೆಳಗಿನ ಮತ್ತು ಪಕ್ಕದ ಸಂದಿಯಿಂದ ಮಾತ್ರ, ಹಾಗಾಗಿ ಬೇಸಿಗೆ ಸೆಕೆಗೆ ಅದೊಂದೇ ಸಾಲದು. ಎರಡು ಬೇರೆ ಬೇರೆ ಗೋಡೆಯಲ್ಲಿ ತೆರವಿದ್ದರೆ ಚಿಕ್ಕ ಕಿಟಕಿಯೂ ಚೆನ್ನಾಗಿ ಗಾಳಿಯಾಡಿಸುತ್ತದೆ.

ಹಂತ 3: ಗೋಡೆಗೆ ತಕ್ಕ ಬಗೆ

ಸ್ಲೈಡಿಂಗ್‌ನಿಂದ ಶುರು ಮಾಡೋಣ, ಹೆಚ್ಚು ಜನ ಸೋಲುವುದು ಅಲ್ಲೇ. ಕೇಸ್‌ಮೆಂಟ್‌ನಲ್ಲಿ ಚಿಲಕ ಹಾಕಿದಾಗ ಕದ ರಬ್ಬರ್ ಪಟ್ಟಿಯನ್ನು ಒತ್ತಿ ಹಿಡಿಯುತ್ತದೆ. ಸ್ಲೈಡಿಂಗ್ ಸರಿಯಬೇಕಾದ್ದರಿಂದ ಹಾಗೆ ಒತ್ತಲು ಬರುವುದಿಲ್ಲ. ಸಂದಿಯಲ್ಲಿ ಬ್ರಷ್‌ನಂಥ ನೂಲಿನ ಪಟ್ಟಿ ಇಟ್ಟಿರುತ್ತಾರೆ. ಅದು ಧೂಳು ತಡೆಯುತ್ತದೆ, ಜಡಿಮಳೆಯನ್ನು ತಡೆಯುವುದಿಲ್ಲ. ಒಳನುಗ್ಗಿದ ನೀರು ಹಳಿಗೆ ಇಳಿದು, ಹೊರಬದಿಯ ತೂತುಗಳಿಂದ ಆಚೆ ಹೋಗಬೇಕು ಎಂಬುದು ಅದರ ಏರ್ಪಾಡು.

ಆದರೆ ಗಾಳಿ ಅದೇ ತೂತಿನ ಮೇಲೆ ಒತ್ತುತ್ತಿರುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿಯ ಒತ್ತಡ ಸುಮಾರು 17 ಮಿ.ಮೀ. ಎತ್ತರದ ನೀರನ್ನು ತಡೆದು ನಿಲ್ಲಿಸಬಲ್ಲದು. 80 ಕಿ.ಮೀ. ಆದರೆ ಸುಮಾರು 31 ಮಿ.ಮೀ. ಅಂದರೆ ಗಾಳಿ ಬೀಸುತ್ತಿರುವಷ್ಟು ಹೊತ್ತು ಹಳಿಯಲ್ಲಿ ಅಷ್ಟು ನೀರು ನಿಂತೇ ಇರುತ್ತದೆ. ಹಳಿಯ ಒಳ ಅಂಚು ಅದಕ್ಕಿಂತ ತಗ್ಗಾಗಿದ್ದರೆ ನೀರು ಕೋಣೆಗೆ ಚೆಲ್ಲುತ್ತದೆ. ಫಿಟ್ಟಿಂಗ್ ತಪ್ಪು ಎಂದು ಸಿಲಿಕಾನ್ ಮೇಲೆ ಸಿಲಿಕಾನ್ ಬಳಿಸುವವರು ಇದನ್ನು ತಿಳಿದಿರಬೇಕು: ಹೊರಗಿನ ತೂತಿಗೇ ಸಿಲಿಕಾನ್ ಬಳಿದರೆ ಇನ್ನೂ ಕೆಡುತ್ತದೆ. ಸ್ಲೈಡಿಂಗ್ ಕೊಳ್ಳುವ ಮುಂಚೆ ಅಂಗಡಿಯಲ್ಲಿ ಹಳಿಯ ತುಂಡು ಕೇಳಿ, ಒಳ ಅಂಚಿಗೆ ಸ್ಕೇಲ್ ಇಟ್ಟು ಅಳೆಯಿರಿ.

ಕೆಂಪು ಗೆರೆಯ ಗೋಡೆಗೆ ಸ್ಲೈಡಿಂಗ್ ಬೇಡ ಎನ್ನುವುದು ಇದೇ ಕಾರಣಕ್ಕೆ. ಜಗಲಿ, ಕಾರು ನಿಲ್ಲಿಸುವ ಪೋರ್ಚ್, ಬಾಲ್ಕನಿ, ಓಡಾಡುವ ಓಣಿಯ ಕಡೆಗೆ ಅದು ಒಳ್ಳೆಯದು. ಅಲ್ಲಿ ಮೇಲೆ ಮಾಡು ಇರುತ್ತದೆ, ಹೊರಕ್ಕೆ ತೆರೆಯುವ ಕದವಾದರೆ ನಡೆದು ಹೋಗುವವರ ಹಣೆಗೆ ಬಡಿಯುತ್ತದೆ.

ಹೊರಕ್ಕೆ ತೆರೆಯುವ ಕೇಸ್‌ಮೆಂಟ್ ಮಲೆನಾಡಿನ ಹೆಚ್ಚಿನ ಗೋಡೆಗಳಿಗೆ ಸರಿ. ಗಾಳಿ ಜೋರಾದಷ್ಟೂ ಕದವನ್ನು ಚೌಕಟ್ಟಿಗೆ ಒತ್ತುತ್ತದೆ, ಸಂದಿ ಬಿಗಿಯಾಗುತ್ತದೆ. ಮಾಡಿಸುವಾಗ ಗಮನಿಸಬೇಕಾದವು:

- ಮರದ ಕದದ ಅಗಲ 2 ಅಡಿ ದಾಟದಿರಲಿ. ಅಗಲ ಹೆಚ್ಚಾದರೆ ಕೀಲಿನ ಎದುರು ಮೂಲೆ ಜಗ್ಗಿ ಕೆಳಗೆ ಉಜ್ಜುತ್ತದೆ. 4 ಅಡಿಗಿಂತ ಎತ್ತರದ ಕದಕ್ಕೆ ಮೂರು ಕೀಲು.
- ಜೋಡಿ ಕದವಿದ್ದರೆ ನಡುವಿನ ಸಂದಿಯೇ ಬಲಹೀನ ಜಾಗ. ಕೊನೆಗೆ ಮುಚ್ಚುವ ಕದಕ್ಕೆ ಅದರ ಮೇಲೆ ಹಾಯುವ ಪಟ್ಟಿ ಇರಬೇಕು.
- ಕೀಲು ಯಾವ ಬದಿಗೆ ಎನ್ನುವುದನ್ನು ಯಾರೂ ಕೇಳುವುದೇ ಇಲ್ಲ, ಕೇಳಬೇಕು. ಉತ್ತರ ಗೋಡೆಯ ಒಂಟಿ ಕದಕ್ಕೆ ಕೀಲು ಪಶ್ಚಿಮ ಬದಿಯಲ್ಲಿದ್ದರೆ, ತೆರೆದ ಕದ ಪಡುವಣ ಎರಚಲಿಗೆ ಅಡ್ಡ ನಿಲ್ಲುತ್ತದೆ. ಅದೇ ಕೀಲನ್ನು ಪೂರ್ವ ಬದಿಗೆ ಇಟ್ಟರೆ ಕದ ಪಡುವಣ ಗಾಳಿಯನ್ನು ಹಿಡಿದು ಒಳಕ್ಕೆ ತಿರುಗಿಸುತ್ತದೆ. ಘಟ್ಟದ ಕಡೆಯವರಿಗೆ ಮೊದಲನೆಯದು, ಶಿವಮೊಗ್ಗ ಪೇಟೆಯ ಸೆಕೆಗೆ ಎರಡನೆಯದು.
- ಕೊಕ್ಕೆ ಗಟ್ಟಿಯಿರಲಿ. ಸಡಿಲ ಕೊಕ್ಕೆಯ ಕದ ಒಂದೇ ಬೀಸಿಗೆ ಬಡಿದು ಗಾಜು ಒಡೆಯುತ್ತದೆ. ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್), ಅಲ್ಯೂಮಿನಿಯಂ ಕದಗಳಿಗೆ ಬರುವ ಫ್ರಿಕ್ಷನ್ ಸ್ಟೇ (ನಿಲ್ಲಿಸಿದಲ್ಲೇ ನಿಲ್ಲುವ ತೋಳಿನ ಕೀಲು) ಸ್ಟೇನ್‌ಲೆಸ್ ಸ್ಟೀಲಿನದ್ದೇ ಕೇಳಿ.

ಒಳಕ್ಕೆ ತೆರೆಯುವ ಕೇಸ್‌ಮೆಂಟ್ ಹಳೆಯ ಮನೆಗಳಲ್ಲಿ ಸಾಮಾನ್ಯ. ಚೌಕಟ್ಟಿನಲ್ಲೇ ಸರಳುಗಳಿದ್ದು ಕದ ಒಳಗಿದ್ದರೆ ಸರಳಿನ ನಡುವೆ ಕೈ ತೂರಿಸದೆ ಮುಚ್ಚಬಹುದು, ಗಾಜಿನ ಎರಡೂ ಬದಿ ಒರೆಸಬಹುದು. ಆಳವಾದ ಮಾಡು ಮಳೆಯನ್ನು ತಡೆಯುತ್ತಿದ್ದಾಗ ಅದು ಚೆನ್ನಾಗಿತ್ತು. ಈಗಿನ ಚಿಕ್ಕ ಸಜ್ಜಾದ ಮನೆಗೆ ಹಾಗೇ ತಂದರೆ ಗಾಳಿ ಕದವನ್ನು ಒಳಕ್ಕೆ ತಳ್ಳುತ್ತದೆ, ಕದ ಕೂರುವ ಕಚ್ಚಿನಲ್ಲಿ ನೀರು ನಿಂತು ಒಳಗೆ ಸೋರುತ್ತದೆ. ಮಂಚ, ಮೇಜು, ಪರದೆಗೂ ತಾಗುತ್ತದೆ. ಜಗಲಿಯೊಳಗಿನ ಗೋಡೆಗೆ ಮಾತ್ರ ಇರಲಿ.

ಟಾಪ್ ಹಂಗ್ ನಮ್ಮ ಕಡೆ ಇನ್ನೂ ಬಚ್ಚಲು ಮನೆಯ ಕಿಟಕಿಯಾಗಿಯೇ ಉಳಿದಿದೆ. ಆದರೆ ಪಡುವಣ ಗೋಡೆಗೆ ಇದಕ್ಕಿಂತ ಒಳ್ಳೆಯದಿಲ್ಲ. 4 ಇಂಚು ತೆರೆದಿಟ್ಟರೂ ನೇರ ಮಳೆ ಒಳಗೆ ಬರುವುದಿಲ್ಲ, ಕೋಣೆಯ ತೇವ ಹೊರಗೆ ಹೋಗುತ್ತದೆ. ಪುಷ್ಯ, ಆಶ್ಲೇಷ ಮಳೆಯ ವಾರಗಳಲ್ಲಿ ಈ 4 ಇಂಚೇ ಮನೆಯನ್ನು ಬೂಸ್ಟಿನಿಂದ ಕಾಯುತ್ತದೆ. ಪಶ್ಚಿಮ ಗೋಡೆಗೆ ಈ ಜೋಡಣೆ ಮಾಡಿಸಿ: ಕೆಳಗೆ ಫಿಕ್ಸ್ಡ್ ಗಾಜು, ಮೇಲೆ 18 ಇಂಚು ಎತ್ತರದ ಟಾಪ್ ಹಂಗ್ ಕದ. ಪೂರ್ತಿ ತೆರೆಯುವ ಕೇಸ್‌ಮೆಂಟ್ ಅದೇ ಕೋಣೆಯ ಇನ್ನೊಂದು ಗೋಡೆಯಲ್ಲಿರಲಿ. ಗಾಳಿ ಕೆಳಗಿನಿಂದ ಎತ್ತಿ ಹೊಡೆಯುವ ದಿನ ಇದನ್ನೂ ಮುಚ್ಚಬೇಕಾಗುತ್ತದೆ, ಆದ್ದರಿಂದ ಕೈಗೆಟುಕುವ ಎತ್ತರದಲ್ಲಿ ಹಿಡಿ ಇರಬೇಕು.

ಟಿಲ್ಟ್ ಅಂಡ್ ಟರ್ನ್ ನೋಡಲು ಚೆಂದ. ಆದರೆ ವಾಲುವುದು ಒಳಕ್ಕೆ, ತೆರೆಯುವುದು ಮೇಲಿನ ಸಂದಿ. ಎರಚಲು ಬರುವ ಗೋಡೆಯಲ್ಲಿ ಆ ಸಂದಿ ನೀರಿಗೆ ಬಾಯಿ. ಒಳಗಿನ ಯಂತ್ರಾಂಗ ಕೆಟ್ಟರೆ ಊರಿನ ಆಚಾರ್ರ ಕೈಗೆ ಸಿಗುವಂಥದ್ದೂ ಅಲ್ಲ. ಲೂವರ್ ಎಂದೂ ಬಿಗಿಯಾಗಿ ಮುಚ್ಚುವುದಿಲ್ಲ, ಪಟ್ಟಿಗಳನ್ನು ಹೊರಗಿನಿಂದ ಎಳೆದು ತೆಗೆಯಲೂ ಬರುತ್ತದೆ. ಬಚ್ಚಲಿಗೆ, ಗ್ರಿಲ್ ಜೊತೆಗೆ ಮಾತ್ರ ಹಾಕಿಸಿ.

ಹಂತ 4: ಕದ, ಗ್ರಿಲ್, ಜಾಲರಿ ಸಾಲು ತಪ್ಪದಿರಲಿ

ಆರ್ಡರ್ ಕೊಟ್ಟ ಮೇಲೆ ಜಗಳವಾಗುವುದು ಹೆಚ್ಚಾಗಿ ಇಲ್ಲಿ. ಹೊರಕ್ಕೆ ತೆರೆಯುವ ಕಿಟಕಿಯಲ್ಲಿ ಹೊರಗಿನಿಂದ ಒಳಕ್ಕೆ ಸಾಲು ಹೀಗೆ: ಕದ, ಗ್ರಿಲ್, ಜಾಲರಿ. ಜಾಲರಿಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಕೂರಿಸಿದರೆ ಕದದ ಹಿಡಿಗೆ ಕೈ ಹೋಗುವುದೇ ಇಲ್ಲ. ಅದಕ್ಕೆ ಕೀಲಿರುವ ಬೇರೆ ಕದವೇ ಬೇಕು, ಇಲ್ಲವೇ ಮೇಲಿಂದ ಸುರುಳಿ ಬಿಚ್ಚುವ ಜಾಲರಿ. ಗ್ರಿಲ್ ವಿನ್ಯಾಸ ಒಪ್ಪುವ ಮುಂಚೆ ಕದದ ಹಿಡಿ ಬರುವ ಜಾಗದಲ್ಲಿ ಕೈ ಹಾಯುವಷ್ಟು ತೆರವಿದೆಯೇ ನೋಡಿ.

ಉಳಿದೆಡೆ ಗ್ರಿಲ್ ಸಂದಿ 3 ಇಂಚಿಗಿಂತ ಹೆಚ್ಚಾಗದಿರಲಿ, ಮಂಗನ ಮರಿ ತೂರುತ್ತದೆ. ಚಿಲಕವಿಲ್ಲದ ಸ್ಲೈಡಿಂಗ್ ಕದವನ್ನು ಮಂಗಗಳು ಸರಿಸಿಕೊಂಡು ಬರುತ್ತವೆ, ನೈಲಾನ್ ಜಾಲರಿಯನ್ನು ಹರಿಯುತ್ತವೆ. ತೋಟದ ಮನೆಗೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯೇ ಬೇಕು, ಅದೂ ಗ್ರಿಲ್‌ನ ಒಳಬದಿಗೆ.

ಗ್ರಿಲ್ ಹಿಂದೆ ಸಿಕ್ಕಿಕೊಂಡ ಮಹಡಿಯ ಗಾಜನ್ನು ಹೊರಗಿನಿಂದ ಒರೆಸಲು ಆಗುವುದಿಲ್ಲ. ಮಹಡಿಯಲ್ಲಿ ಒಂದಾದರೂ ಗ್ರಿಲ್ ಕೀಲಿನ ಮೇಲೆ ತೆರೆಯುವಂತಿರಲಿ, ಬೀಗ ಒಳಗಿರಲಿ, ಬೀಗದ ಕೈ ಪಕ್ಕದ ಮೊಳೆಯಲ್ಲೇ ತೂಗಲಿ. ಬೆಂಕಿ ಬಿದ್ದ ದಿನ ಮಲಗುವ ಕೋಣೆಯಿಂದ ಹೊರಬರಲು ಅದೇ ದಾರಿ. ಇದನ್ನು ದಯವಿಟ್ಟು ಬಿಡಬೇಡಿ.

ಹಂತ 5: ಅಡುಗೆ ಮನೆ ಮತ್ತು ಬಚ್ಚಲು

ಕಟ್ಟೆಯ ಆಚೆ ಇರುವ ಕಿಟಕಿಗೆ ಬಗ್ಗಿ ಕೈ ಚಾಚಬೇಕು. ಹಾಗಾಗಿ ಅಲ್ಲಿ ಸ್ಲೈಡಿಂಗ್ ಅಥವಾ ಟಾಪ್ ಹಂಗ್ ಅನುಕೂಲ, ಒಳಕ್ಕೆ ತೆರೆಯುವುದು ನಲ್ಲಿಗೆ ಬಡಿಯುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದ ಮಟ್ಟದಲ್ಲಿ ಹರಡುತ್ತದೆ. ಎತ್ತರದ ಕಿಟಕಿ ತೆರೆದಿದೆ ಎಂದು ನೆಮ್ಮದಿಯಾಗಿರಬೇಡಿ, ನೆಲದ ಬಳಿ ಜಾಲರಿ ಹಾಕಿದ ಒಂದು ತೆರವು ಬೇಕು.

ಬಚ್ಚಲಲ್ಲಿ ಹಂಡೆ ಒಲೆ ಇದ್ದರೆ ಹೊಗೆ ಮೇಲೇರುವ ಜಾಗದಲ್ಲಿ, ಸೂರಿಗೆ ಹತ್ತಿರ ತೆರವು ಕೊಡಿ. ಗ್ಯಾಸ್ ಗೀಸರ್ ಅನ್ನು ಬಚ್ಚಲಿನ ಹೊರಗೇ ಹಾಕಿಸಿ. ಮುಚ್ಚಿದ ಬಚ್ಚಲಿನಲ್ಲಿ ಅದು ಉರಿದಾಗ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಜೀವ ಹೋಗುತ್ತದೆ. ಚಳಿಗೆಂದು ಎಳೆದು ಮುಚ್ಚಲಾಗದ ತೆರವು ಬಚ್ಚಲಲ್ಲಿ ಹೇಗೂ ಇರಬೇಕು.

ಹಂತ 6: ಮರವೋ, ಅಲ್ಯೂಮಿನಿಯಂ, ಯುಪಿವಿಸಿಯೋ

ಹಲಸು, ಸಾಗುವಾನಿ, ಹೊನ್ನೆ, ಮತ್ತಿ, ನಿಮ್ಮಲ್ಲಿ ಯಾವ ಮರವಿದ್ದರೂ ಚೆನ್ನಾಗಿ ಒಣಗಿರಬೇಕು. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಹೆಚ್ಚೇನೂ ಬದಲಾಗದು. ಅದಕ್ಕೆ ಕದದ ಸುತ್ತ 2ರಿಂದ 3 ಮಿ.ಮೀ. ಸಂದಿ ಬಿಡಿಸಿ. ಜುಲೈನಲ್ಲಿ ಕದ ಸಿಕ್ಕಿಕೊಂಡಿತೆಂದು ಕೀಸುಳಿ ಹೊಡೆಸಿದರೆ ಮಾರ್ಚ್‌ನಲ್ಲಿ ಬೆರಳು ತೂರುವಷ್ಟು ಸಂದಿಯಾಗುತ್ತದೆ. ಮಳೆಗಾಲದಲ್ಲಿ ಉಜ್ಜುವ ಜಾಗಕ್ಕೆ ಮೇಣ ಸವರಿ, ಗುರುತು ಹಾಕಿಕೊಳ್ಳಿ. ಕೀಸುವುದು ಒಣಗಿದ ಮೇಲೆ. ಬಣ್ಣ ಅಥವಾ ಪಾಲಿಶನ್ನು ಕದದ ಮೇಲಂಚಿಗೂ ಕೆಳಂಚಿಗೂ ಬಳಿಸಿ, ನೀರು ಹೀರುವುದು ಆ ತುದಿಗಳೇ, ಪೇಂಟರ್ ಬಿಡುವುದೂ ಅವನ್ನೇ.

ಯುಪಿವಿಸಿ ಉಬ್ಬುವುದಿಲ್ಲ, ಗೆದ್ದಲು ಹಿಡಿಯುವುದಿಲ್ಲ. ದೊಡ್ಡ ಕದಕ್ಕೆ ಒಳಗೆ ಉಕ್ಕಿನ ಪಟ್ಟಿ ಇದೆಯೇ ಕೇಳಿ, ಇಲ್ಲದಿದ್ದರೆ ಬಾಗುತ್ತದೆ. ಅಲ್ಯೂಮಿನಿಯಂ ತೆಳುವಾಗಿ ಗಟ್ಟಿ, ಆದರೆ ಮೂಲೆಯ ಜೋಡಣೆಯಲ್ಲಿ ನೀರು ಸೋರುವುದುಂಟು. ಮೊಣಕಾಲಿಗಿಂತ ಕೆಳಗೆ ಬರುವ ಗಾಜು ಟಫನ್ಡ್ (ಒಡೆದರೆ ಕಾಳು ಕಾಳಾಗಿ ಉದುರುವ ಗಾಜು) ಇರಲಿ. ಅದನ್ನು ಹದ ಮಾಡಿದ ಮೇಲೆ ಕತ್ತರಿಸಲು ಬರುವುದಿಲ್ಲ, ಅಳತೆ ತಪ್ಪಿದರೆ ಗಾಜು ಹೋದಂತೆಯೇ.

ಹಂತ 7: ಅಳತೆ, ಕೂರಿಸುವುದು, ನೀರು ಬಿಟ್ಟು ನೋಡುವುದು

ಅಳತೆ ಗಾರೆ ಕೆಲಸ ಮುಗಿದ ಮೇಲೆಯೇ. ಅಗಲವನ್ನು ಮೇಲೆ, ನಡುವೆ, ಕೆಳಗೆ, ಎತ್ತರವನ್ನೂ ಹಾಗೇ ಮೂರು ಕಡೆ ಅಳೆಯಿರಿ. ಅತಿ ಕಡಿಮೆ ಬಂದದ್ದನ್ನು ಹಿಡಿದು ಅದರಲ್ಲಿ 10 ಮಿ.ಮೀ. ಕಳೆಯಿರಿ, ಸುತ್ತ 5 ಮಿ.ಮೀ. ಸಂದಿ ಸಿಗುತ್ತದೆ. ಎರಡು ಕರ್ಣಗಳ ಅಳತೆ ಒಂದೇ ಬರದಿದ್ದರೆ ಮೂಲೆ ಓರೆಯಾಗಿದೆ, ಮೊದಲು ಅದನ್ನು ಸರಿ ಮಾಡಿಸಿ.

ಜಂಬಿಟ್ಟಿಗೆ ಗೋಡೆಯಾದರೆ ಕಲ್ಲಿನ ಅಂಚಿಗೆ ನೇರವಾಗಿ ತೂತು ಕೊರೆಸಬೇಡಿ. ಅಂಚು ಉದುರುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ತೆರವಿನ ಸುತ್ತ ಕಾಂಕ್ರೀಟ್ ಅಂಚು ಕಟ್ಟಿಸಿ, ಒಣಗಿದ ಮೇಲೆ ಅಳತೆ ತೆಗೆಯಿರಿ. ಸ್ಕ್ರೂ ಮೂಲೆಯಿಂದ ಸುಮಾರು 6 ಇಂಚಿಗೆ ಒಂದು, ಆಮೇಲೆ 2 ಅಡಿಗೊಂದು.

ಕಿಟಕಿ ಕೂರುವ ಸಿಲ್ (ಕೆಳಗಿನ ಹಾಸು) ಹೊರಕ್ಕೆ ಇಳಿಜಾರಾಗಿರಲಿ, ಒಳಭಾಗ ಹೊರಗಿಗಿಂತ ಒಂದೆರಡು ಸೆಂ.ಮೀ. ಎತ್ತರವಿರಲಿ. ಗ್ರಾನೈಟ್ ಹಾಸು ಗೋಡೆಯಿಂದ ಒಂದಿಂಚು ಮುಂದೆ ಚಾಚಬೇಕು, ಅದರ ಅಡಿಗೂ ಸಜ್ಜಾದಂತೆ ಗೆರೆ ಬೇಕು. ಸಂದಿಗೆ ಫೋಮ್ ತುಂಬಿದ್ದರೆ ಬಿಸಿಲು ತಾಗದಂತೆ ಮೇಲೆ ಸೀಲಂಟ್ ಹಾಕಿಸಿ, ಬಿಸಿಲಿಗೆ ಫೋಮ್ ಪುಡಿಯಾಗುತ್ತದೆ.

ಕೊನೆಯ ಕಂತು ಕೊಡುವ ಮುಂಚೆ ಪೈಪ್ ಹಿಡಿದು ಪ್ರತಿ ಕಿಟಕಿಗೂ ಹತ್ತು ನಿಮಿಷ ನೀರು ಹೊಡೆಯಿರಿ. ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ ಹೋಗಿ. ಆಗ ಎಲ್ಲಿ ಸೋರುತ್ತಿದೆ ಎಂದು ತಿಳಿಯುತ್ತದೆ, ಮೇಲಿಂದ ಶುರು ಮಾಡಿದರೆ ಎಲ್ಲ ಕಡೆ ನೀರೇ ಕಾಣುತ್ತದೆ. ಒಬ್ಬರು ಒಳಗೆ ಟಾರ್ಚ್ ಹಿಡಿದು ಮೂಲೆಗಳನ್ನು, ಸಿಲ್‌ನ ಸಂದಿಯನ್ನು ನೋಡುತ್ತಿರಲಿ. ಸ್ಲೈಡಿಂಗ್ ಇದ್ದರೆ ಹಳಿಗೆ ಒಂದು ಚೊಂಬು ನೀರು ಹೊಯ್ದು ಹೊರಗಿನ ತೂತಿನಿಂದ ಸಲೀಸಾಗಿ ಹೋಗುತ್ತದೆಯೇ ನೋಡಿ. ಪ್ರತಿ ವರ್ಷ ಮೇ ಕೊನೆಯಲ್ಲಿ, ಮೃಗಶಿರಾ ಮಳೆ ಹಿಡಿಯುವ ಮುಂಚೆ, ಆ ತೂತುಗಳಿಗೆ ತೆಳುವಾದ ತಂತಿ ಆಡಿಸಿ ಮಣ್ಣು ತೆಗೆಯಿರಿ, ಕೀಲುಗಳಿಗೆ ಒಂದೊಂದು ತೊಟ್ಟು ಎಣ್ಣೆ ಬಿಡಿ.